ಬಯಲು, ಚಪ್ಪರ, ವಾಡಿಕೆ: ಪಟ್ಟಣದ ಸಾರ್ವಜನಿಕ ಸ್ಥಳಗಳನ್ನು ಕುರಿತು

ಒಂದು ಸ್ಥಳವು ಸರ್ಕಾರದ ದಾಖಲೆಯಲ್ಲಿ 'ಗುಂಡುತೋಪು' ಎಂದೋ 'ಸರ್ಕಾರಿ ಖರಾಬು' ಎಂದೋ ನಮೂದಾದ ಮಾತ್ರಕ್ಕೆ ಸಾರ್ವಜನಿಕವಾಗುವುದಿಲ್ಲ. ಜನರು ಅಲ್ಲಿ ಕೂಡುವ ವಾಡಿಕೆ ಇರುವ ತನಕ ಮಾತ್ರವೇ ಅದು ಸಾರ್ವಜನಿಕ. ವಾಡಿಕೆ ತಪ್ಪಿದೊಡನೆ ಮೊದಲು ಕಸ ಬರುತ್ತದೆ. ಅನಂತರ ಒತ್ತುವರಿ ಬರುತ್ತದೆ. ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಬೆಳೆಯುವ ಪಟ್ಟಣಗಳಲ್ಲಿ ಈ ಮಾತಿನ ಸತ್ಯವನ್ನು ಯಾರಾದರೂ ಕಾಣಬಹುದು. ಪಾಳುಬಿದ್ದ ಇಂತಹ ಸ್ಥಳಗಳನ್ನು ಕಲಾವಿದರು ತಾತ್ಕಾಲಿಕ ಕಟ್ಟಡಗಳ ಮೂಲಕ ಮತ್ತೆ ಜನರಿಗೆ ಒಪ್ಪಿಸುವ ಪ್ರಯತ್ನಗಳು ಈಚೆಗೆ ಹಲವು ದೇಶಗಳಲ್ಲಿ ನಡೆದಿವೆ. ಅವು ಎಂತು ಫಲಿಸುತ್ತವೆ, ಎಲ್ಲಿ ಫಲಿಸವು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ತಾತ್ಕಾಲಿಕ ಕಟ್ಟಡವೆಂಬುದು ನಮಗೆ ಹೊಸತಲ್ಲ. ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡಲು ಹಾಕುವ ಅರವಟ್ಟಿಗೆಯ ಹೆಸರು ನಮ್ಮ ಹಳೆಯ ಶಾಸನಗಳಲ್ಲಿಯೇ ಬರುತ್ತದೆ. ಶ್ರೀರಾಮನವಮಿಯ ಪಾನಕದ ಚಪ್ಪರ, ಗಣೇಶನ ಪೆಂಡಾಲು, ಮೂಡಲಪಾಯದ ಆಟಕ್ಕಾಗಿ (ಈ ಸೀಮೆಯಲ್ಲಿ ಅದನ್ನು 'ಕೇಳಿಕೆ' ಎನ್ನುವುದುಂಟು) ಕಟ್ಟುವ ರಂಗಸ್ಥಳ, ಇವೆಲ್ಲವೂ ಕೆಲವು ದಿನಗಳ ಮಟ್ಟಿನ ಕಟ್ಟಡಗಳೇ. ಗುಬ್ಬಿ ಕಂಪನಿಯಂತಹ ವೃತ್ತಿ ನಾಟಕ ಮಂಡಲಿಗಳು ಊರೂರಿನ ಬಯಲಿನಲ್ಲಿ ರಂಗಮಂದಿರವನ್ನು ನಿಲ್ಲಿಸಿ ಮೊಕ್ಕಾಂ ಮಾಡಿ, ಕಡೆಗೆ ಎಲ್ಲವನ್ನೂ ಬಿಚ್ಚಿಕೊಂಡು ಮುಂದಿನ ಊರಿಗೆ ಸಾಗುತ್ತಿದ್ದುವು. ಬಿದಿರು, ಸರ್ವೆಯ ಗಳ, ತೆಂಗಿನ ಗರಿ ಇವುಗಳನ್ನು ಬಲ್ಲ ಕೈಗಳು ನಮ್ಮಲ್ಲಿ ಇನ್ನೂ ಇವೆ. ರೇಷ್ಮೆಯ ಊರಾದ ಶಿಡ್ಲಘಟ್ಟದ ಸುತ್ತಿನಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಅರಿಯದವರಾರು?

ಈ ಹಳೆಯ ವಿದ್ಯೆಯೇ ಉದ್ದೇಶಪೂರ್ವಕವಾಗಿ ಪ್ರಯೋಗವಾದಾಗ ಏನಾಗುವುದೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಬೆಂಗಳೂರಿನಲ್ಲಿ ೧೯೭೨ರಲ್ಲಿ ಬಿ. ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಒಳಗಿನ ರಂಗಮಂಚವನ್ನು ಬಿಟ್ಟು ಅದರ ಹಿಂಬದಿಯ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಆಡಿಸಿದರು. ನಾಟಕಗಳು ಮುಗಿದುವು, ಆದರೆ ಅಲ್ಲಿ ಕೂಡುವ ವಾಡಿಕೆ ಮುಗಿಯಲಿಲ್ಲ. ಆ ಬಯಲೇ ಇಂದು ಸಂಸ ಬಯಲು ರಂಗಮಂದಿರ. ಲಂಡನ್ನಿನಲ್ಲಿ ೨೦೧೧ರಲ್ಲಿ 'ಅಸೆಂಬಲ್' ಎಂಬ ತರುಣರ ಬಳಗವು ಹ್ಯಾಕ್ನಿ ವಿಕ್ ಎಂಬಲ್ಲಿ ಹೆದ್ದಾರಿಯ ಮೇಲ್ಸೇತುವೆಯ ಕೆಳಗಿನ ಹಾಳುಜಾಗದಲ್ಲಿ, ಸ್ವಯಂಸೇವಕರ ಕೈಯಿಂದಲೇ ಒಂದು ಮನೆಯಾಕಾರದ ಕಟ್ಟಡವನ್ನು ಕಟ್ಟಿಸಿ, ಒಂಬತ್ತು ವಾರ ಚಲನಚಿತ್ರ, ನಾಟಕಗಳನ್ನು ನಡೆಸಿತು. ಸುಮಾರು ೪೦,೦೦೦ ಜನ ಬಂದುಹೋದರು. ಕಟ್ಟಡವನ್ನು ಕೆಡವಿದ ಬಳಿಕ ಅಲ್ಲಿನ ಅಭಿವೃದ್ಧಿ ಸಂಸ್ಥೆಯು ಆ ಸ್ಥಳವನ್ನು ಸಾರ್ವಜನಿಕ ಉಪಯೋಗಕ್ಕೆ ಉಳಿಸಲು ಹಣ ತೊಡಗಿಸಿತು. ಇದೇ ಬಳಗಕ್ಕೆ ೨೦೧೫ರಲ್ಲಿ ಟರ್ನರ್ ಪ್ರಶಸ್ತಿ ದೊರೆಯಿತು.

ಇವೆರಡರೊಡನೆ ಮೂರನೆಯದೊಂದನ್ನು ಹೋಲಿಸಿ ನೋಡುವುದು ಯುಕ್ತ. ೨೦೦೯ರಲ್ಲಿ ಬೆಂಗಳೂರಿನಲ್ಲಿ ಕಲಾವಿದೆ ಅರ್ಚನಾ ಪ್ರಸಾದ್ ಮತ್ತು ಫ್ರೀಮನ್ ಮರ್ರೆ ಎಂಬವರು 'ಜಾಗ'ವನ್ನು ಆರಂಭಿಸಿದರು. ಗೋದಾಮುಗಳಲ್ಲಿ ಸರಕು ಜೋಡಿಸುವ ಉಕ್ಕಿನ ಚೌಕಟ್ಟುಗಳಿಂದ ಕಟ್ಟಿದ, ಬಿಚ್ಚಿ ಮತ್ತೆ ಜೋಡಿಸಬಹುದಾದ ಕಟ್ಟಡವದು. ಕಲ್ಪನೆ ಸೊಗಸಾದುದು, ಅನೇಕ ಕಲಾವಿದರಿಗೆ ಆಶ್ರಯವೂ ಆಯಿತು. ಆದರೆ ನೆಲವು ಖಾಸಗಿಯವರು ಎರವಲಾಗಿ ಕೊಟ್ಟುದು. ಎರವಲು ನೆಲದ ಮೇಲೆ ಬಳಗ ಬೆಳೆಯಬಹುದು, ಊರಿನ ಹಕ್ಕು ಬೆಳೆಯದು.

ಮೇಲ್ಕಂಡ ನಿದರ್ಶನಗಳಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ತಾತ್ಕಾಲಿಕ ಕಟ್ಟಡವು ಒಂದು ಪರೀಕ್ಷೆ. ಶಾಶ್ವತ ಕಟ್ಟಡದಲ್ಲಿ ತಪ್ಪಾದರೆ ತಲೆಮಾರು ಅನುಭವಿಸಬೇಕು. ಚಪ್ಪರದಲ್ಲಿ ತಪ್ಪಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಎರಡನೆಯದಾಗಿ, ಕಟ್ಟುವ ಕೆಲಸವೇ ಜನರನ್ನು ಕೂಡಿಸುತ್ತದೆ. ಹಣ ಕೊಟ್ಟು ಹಾಕಿಸಿದ ಪೆಂಡಾಲಿಗೆ ಬರುವವರು ಪ್ರೇಕ್ಷಕರು. ಗಳ ಹೊತ್ತು ಚಪ್ಪರ ಹಾಕಿದವರು ಆ ಬಯಲಿನ ವಾರಸುದಾರರು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಬಿಚ್ಚುವ ಶಿಸ್ತು. ನಾಲ್ಕು ದಿನಕ್ಕೆಂದು ಹಾಕಿದ ಶೆಡ್ಡು ನಿಂತೇ ಹೋದರೆ ಅದು ಒತ್ತುವರಿಯೇ ಸರಿ. ಸಾರ್ವಜನಿಕ ಸ್ಥಳಗಳಲ್ಲಿ ಅನಧಿಕೃತವಾಗಿ ಹೊಸ ಧಾರ್ಮಿಕ ಕಟ್ಟಡಗಳನ್ನು ಕಟ್ಟಲು ಬಿಡಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ಆಜ್ಞಾಪಿಸಬೇಕಾಗಿ ಬಂದುದು ಈ ಶಿಸ್ತು ಸಡಿಲಿದುದಕ್ಕೆ ಸಾಕ್ಷಿ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪಾಳು ಎಂದು ನಮಗೆ ತೋರುವ ಜಾಗ ನಿಜವಾಗಿ ಪಾಳಾಗಿರುವುದಿಲ್ಲ. ಅಲ್ಲಿ ಸೊಪ್ಪು ಮಾರುವ ಮುದುಕಿ, ಕುರಿ ಮೇಯಿಸುವ ಹುಡುಗ, ಮಧ್ಯಾಹ್ನ ಮರದಡಿಯಲ್ಲಿ ಮಲಗುವ ಕೂಲಿಯಾಳು ಇರುತ್ತಾರೆ. ಅವರನ್ನು ಹೊರಗಟ್ಟಿ ಮಾಡಿದ ಅಲಂಕಾರವನ್ನು ಪುನರುಜ್ಜೀವನವೆಂದು ಕರೆಯಲಾಗದು. ಸಂಜೆಯ ಮೇಲೆ ಹೆಂಗಸರು ನಿರ್ಭಯವಾಗಿ ಕುಳಿತಿರಬಲ್ಲರೇ ಎಂಬುದು ಯಾವ ಬಯಲಿಗಾದರೂ ಒರೆಗಲ್ಲು.

ಈ ಸೀಮೆಯ ಇತಿಹಾಸವನ್ನು ಓದಿದವರಿಗೆ ಬಯಲಿನ ಬೆಲೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ನಿಷೇಧಾಜ್ಞೆಯನ್ನು ಮೀರಿ ಸಭೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅಂದು ಅವರು ಬೇಡಿದುದರಲ್ಲಿ ಒಂದು, ತಮ್ಮ ನೆಲದಲ್ಲಿ ತಾವು ಕೂಡುವ ಹಕ್ಕು. ಅಷ್ಟು ಬೆಲೆ ತೆತ್ತು ಪಡೆದ ಹಕ್ಕನ್ನು ನಾವು ಅಲಕ್ಷ್ಯದಿಂದಲೇ ಕಳೆದುಕೊಳ್ಳುವುದು ಉಚಿತವಲ್ಲ.

ಆದುದರಿಂದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಸಣ್ಣ ಕೆಲಸದಿಂದ ಆರಂಭಿಸಬಹುದು. ತಮ್ಮ ತಮ್ಮ ಊರಿನ ಸಂತೆಮಾಳ, ಕಲ್ಯಾಣಿ, ತೋಪುಗಳನ್ನು ಪಟ್ಟಿ ಮಾಡಿ, ಅಲ್ಲಿ ಹಿಂದೆ ಯಾವ ಯಾವ ಚಪ್ಪರಗಳು ಏಳುತ್ತಿದ್ದುವು, ಯಾರು ಹಾಕುತ್ತಿದ್ದರು, ಯಾವ ವರ್ಷ ನಿಂತುಹೋಯಿತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಚಪ್ಪರ ಬಿಚ್ಚಿದ ಮೇಲೆ ಗಳ ನೆಟ್ಟ ಕುಳಿಗಳು ಕೆಲವು ದಿನ ಉಳಿಯುತ್ತವೆ. ಮುಂದಿನ ವರ್ಷ ಅದೇ ಕುಳಿಗಳನ್ನು ಹುಡುಕಿ ಮತ್ತೆ ಗಳ ನೆಡುವವರು ಇರುವ ತನಕ ಆ ಬಯಲು ಊರಿನದಾಗಿಯೇ ಇರುತ್ತದೆ.