ಕಲ್ಲಿಕೋಟೆಗೆ ಬಂದ ಸಾಹಿತಿ ನಮ್ಮ ಶಾಲೆಗೂ ಬರಬಹುದು

ಕಲ್ಲಿಕೋಟೆಯ ಕಡಲತೀರದಲ್ಲಿ 2016ರಿಂದ ನಡೆದುಬರುತ್ತಿರುವ ಕೇರಳ ಸಾಹಿತ್ಯೋತ್ಸವಕ್ಕೆ ಮಲಯಾಳದ ಬರಹಗಾರರಲ್ಲದೆ ಇತರ ಭಾಷೆಗಳ, ಹೊರದೇಶಗಳ ಲೇಖಕರೂ ಅತಿಥಿಗಳಾಗಿ ಬರುತ್ತಾರೆ. 2023ರಲ್ಲಿ ಯುನೆಸ್ಕೋ ಆ ನಗರವನ್ನು ಸಾಹಿತ್ಯ ನಗರವೆಂದು ಗುರುತಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದು.

ಅತಿಥಿಸತ್ಕಾರವೆಂದೊಡನೆ ನಮಗೆ ಹಾರ, ಶಾಲು, ಸ್ಮರಣಿಕೆಗಳು ನೆನಪಾಗುತ್ತವೆ. ಉತ್ಸವದಲ್ಲಿ ಪ್ರಯಾಣದ ಟಿಕೆಟು, ತಂಗಲು ಕೊಠಡಿ, ನಿಲ್ದಾಣದಲ್ಲಿ ಕಾಯುವ ಸ್ವಯಂಸೇವಕ ಇವೆಲ್ಲ ಬೇಕೇ ಬೇಕು. ಆದರೆ ಗೋಷ್ಠಿ ಫಲಿಸುವುದು ಬೇರೆ ಎರಡು ಸಂಗತಿಗಳಿಂದ. ಲೇಖಕರೊಡನೆ ಸಂವಾದಕ್ಕೆ ಕೂರುವವರು ಅವರ ಕೃತಿಯನ್ನು ಓದಿರಬೇಕು. ಮಾತು ಮುಗಿದೊಡನೆ ಆ ಕೃತಿ ಮಳಿಗೆಯಲ್ಲಿ ದೊರೆಯಬೇಕು. ಇಂಗ್ಲಿಷಿಗೋ ಮಲಯಾಳಕ್ಕೋ ಅನುವಾದಗೊಳ್ಳದ ಕನ್ನಡ ಲೇಖಕರು ಅಲ್ಲಿನ ಬಹುಪಾಲು ಶ್ರೋತೃಗಳಿಗೆ ಬರಿಯ ಹೆಸರು. ಅವರನ್ನು ಮೂಲದಲ್ಲೇ ಓದಬಲ್ಲ ಮಕ್ಕಳು ಅದೇ ಕೇರಳದಲ್ಲಿದ್ದಾರೆ: ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗಳಲ್ಲಿ.

ಈ ಮಕ್ಕಳ ಪಾಲಿಗೆ ಲೇಖಕರೆಂದರೆ ಪಾಠದ ಆರಂಭದಲ್ಲಿನ ಕವಿಪರಿಚಯ ಮಾತ್ರ. ನಮ್ಮ ನೆಲದ ಸಾರಾ ಅಬೂಬಕ್ಕರ್, ಕೆ.ವಿ. ತಿರುಮಲೇಶ್ ಇಬ್ಬರೂ 2023ರ ಜನವರಿಯಲ್ಲಿ ಅಗಲಿದರು. ಜಿಲ್ಲೆಯಲ್ಲಿ ಇಂದಿಗೂ ಬರೆಯುತ್ತಿರುವವರಿದ್ದಾರೆ. ಅವರನ್ನು ಕರೆಯಲು ಯಾವ ಉತ್ಸವಕ್ಕೂ ಕಾಯಬೇಕಿಲ್ಲ. ದೂರದ ಲೇಖಕರ ಮಾತು ಬೇರೆ. ಅವರನ್ನು ಬೆಂಗಳೂರಿನಿಂದ ಕರೆಸಿಕೊಳ್ಳುವ ವೆಚ್ಚವನ್ನು ಒಂದು ಶಾಲೆಯ ರಕ್ಷಕ-ಶಿಕ್ಷಕ ಸಂಘ ಹೊರಲಾರದು. ಕಲ್ಲಿಕೋಟೆಯವರೆಗೆ ಬಂದವರನ್ನು ಕಾಸರಗೋಡಿನಲ್ಲಿ ಇಳಿಸಿಕೊಳ್ಳುವ ವೆಚ್ಚವನ್ನು ಹೊರಬಲ್ಲದು.

ಅದಕ್ಕೆ ಮುಖ್ಯವಾದುದು ಸಮಯ. ಹಿಂದಿರುಗುವ ಟಿಕೆಟು ಕಾದಿರಿಸುವ ಮೊದಲೇ ನಮ್ಮ ಪತ್ರ ಲೇಖಕರನ್ನು ತಲುಪಬೇಕು. ವಯನಾಡಿನ ಮೂಲಕ ಮೈಸೂರಿಗೆ ಸಾಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ನಿರ್ಬಂಧವಿದೆ. ಕರಾವಳಿಯ ರೈಲಿಗೆ ಆ ತೊಡಕಿಲ್ಲ. ಮಂಗಳೂರಿಗೆ ಹೋಗುವ ಹಳಿ ನಮ್ಮ ಊರುಗಳನ್ನು ಹಾದೇ ಸಾಗುತ್ತದೆ. ಪತ್ರದಲ್ಲಿ ಇದನ್ನು ಸೂಚಿಸಿ, ಯಾವ ನಿಲ್ದಾಣದಲ್ಲಿ ಇಳಿಯಬೇಕು, ಯಾರು ಕಾದಿರುತ್ತಾರೆ, ಮುಂದಿನ ರೈಲು ಎಷ್ಟು ಗಂಟೆಗೆ, ಗೌರವಧನ ಕೊಡಲಾದೀತೇ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಕೊಡಲಾಗದಿದ್ದರೆ ಅದನ್ನೂ ಮುಚ್ಚಿಡಬಾರದು.

ಹತ್ತನೆಯ ತರಗತಿಯವರು ಮಾರ್ಚಿಯ ಪರೀಕ್ಷೆಯ ಸಿದ್ಧತೆಯಲ್ಲಿರುವುದರಿಂದ ಎಂಟು, ಒಂಬತ್ತನೆಯ ತರಗತಿಗಳನ್ನು ಆರಿಸಿಕೊಳ್ಳುವುದು ಲೇಸು. ಎರಡು ವಾರ ಮುಂಚಿತವಾಗಿ ಆ ಲೇಖಕರ ಒಂದೇ ಒಂದು ಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರೆ ಸಾಕು, ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಅವನ್ನು ಶಿಕ್ಷಕರು ತಿದ್ದಿ ಕೊಡುವುದು ಬೇಡವೆಂದೇ ನಮ್ಮ ಅಭಿಪ್ರಾಯ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷ ಭಾಷಣಗಳಲ್ಲೇ ಮುಕ್ಕಾಲು ಗಂಟೆ ಕಳೆದುಹೋದರೆ ಮಕ್ಕಳಿಗೆ ಉಳಿಯುವುದು ಧನ್ಯವಾದ ಸಮರ್ಪಣೆ ಮಾತ್ರ. ಆದ್ದರಿಂದ ವೇದಿಕೆಯೇ ಬೇಡ; ತರಗತಿಯ ಕೋಣೆಯಲ್ಲಿ ಒಂದು ಕುರ್ಚಿ ಸಾಕು. ಮಧ್ಯಾಹ್ನದ ಊಟವನ್ನು ಶಾಲೆಯ ಸಮೀಪದ ಯಾವುದಾದರೂ ಮನೆಯವರು ವಹಿಸಿಕೊಳ್ಳಬಹುದು.