ಐದು ವೋಲ್ಟಿನ ಆಜ್ಞೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಮಳೆಗೂ ಅಡಕೆಗೂ ಹೆಸರಾದವು. ಇಲ್ಲಿ ಅಡಕೆಯ ತೋಟವು ಸಾಮಾನ್ಯವಾಗಿ ಗುಡ್ಡಗಳ ನಡುವಣ ಕಣಿವೆಯಲ್ಲಿರುತ್ತದೆ. ನೀರೆತ್ತುವ ಪಂಪು ಮನೆಯಿಂದ ದೂರ, ಹಳ್ಳದ ದಡದಲ್ಲೋ ಕೆರೆಯ ಅಂಚಿನಲ್ಲೋ ಇರುತ್ತದೆ. ಮಳೆಗಾಲದಲ್ಲಿ ಸಾಕುಸಾಕೆನಿಸುವಷ್ಟು ಮಳೆ ಸುರಿದರೂ ಬೇಸಗೆ ಬಂತೆಂದರೆ ತೋಟ ಬಾಯಾರುತ್ತದೆ. ಪಂಪಿಗೆ ಬೇಕಾದ ತ್ರೀ-ಫೇಸ್ ವಿದ್ಯುತ್ತು ಕೆಲವೊಮ್ಮೆ ರಾತ್ರಿಯ ಹೊತ್ತಿನಲ್ಲಿಯೇ ಬರುತ್ತದೆ. ಆಗ ರೈತನು ಟಾರ್ಚು ಹಿಡಿದು, ಹಾವು ಹಂದಿಗಳ ಭಯವನ್ನು ಬದಿಗೊತ್ತಿ, ತೋಟಕ್ಕಿಳಿದು ಸ್ಟಾರ್ಟರಿನ ಗುಂಡಿಯನ್ನು ಒತ್ತಬೇಕಾಗುತ್ತದೆ. ನೆಲವೂ ಕೈಯೂ ತೇವವಾಗಿದ್ದರೆ ಅಪಾಯ ಇನ್ನಷ್ಟು ಹೆಚ್ಚು.

ಈ ಕೆಲಸವನ್ನು ಇಂದು ಒಂದು ಪುಟ್ಟ ಉಪಕರಣಕ್ಕೆ ಒಪ್ಪಿಸಬಹುದು. ಅದೇ ಮೈಕ್ರೊಕಂಟ್ರೋಲರ್. 1970ರ ದಶಕದಲ್ಲಿ ಬಳಕೆಗೆ ಬಂದ ಈ ಚಿಪ್ಪು ಉಗುರಿನಷ್ಟೇ ಅಗಲವಿದ್ದರೂ ಒಂದು ಪೂರ್ಣ ಗಣಕವೇ ಆಗಿದೆ. ತೊಟ್ಟಿ ತುಂಬಿತೇ, ಮಣ್ಣು ಒಣಗಿತೇ, ಗಂಟೆ ಎಷ್ಟಾಯಿತು ಎಂಬುದನ್ನು ತಿಳಿದು, ನಾವು ಮೊದಲೇ ಬರೆದಿಟ್ಟ ನಿಯಮದಂತೆ ಅದು ನಿರ್ಧಾರ ಕೈಗೊಳ್ಳುತ್ತದೆ. ಆದರೆ ಅದರ ಶಕ್ತಿ ಬಹಳ ಅಲ್ಪ. ಅದು ನಡೆಯುವುದು 3.3 ಅಥವಾ 5 ವೋಲ್ಟಿನಲ್ಲಿ. ಸಾಮಾನ್ಯ ಬಳಕೆಯ ಒಂದು ಚಿಪ್ಪಿನ ಒಂದು ಕಾಲಿನಿಂದ ಸುರಕ್ಷಿತವಾಗಿ ದೊರೆಯುವ ಪ್ರವಾಹ ಸುಮಾರು 20 ಮಿಲಿ ಆಂಪಿಯರ್ ಮಾತ್ರ. ಒಂದು ಸಣ್ಣ ದೀಪ ಮಿನುಗುವುದಕ್ಕೆ ಅಷ್ಟು ಸಾಕು.

ಪಂಪಿನ ಮೋಟಾರಾದರೋ ಬೇರೊಂದು ಲೋಕಕ್ಕೆ ಸೇರಿದ್ದು. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ 1964ರಲ್ಲಿ ಕಟ್ಟಿದ ಅಣೆಕಟ್ಟಿನ ನೀರು ತಿರುಗಿಸುವ ಶರಾವತಿಯ ಒಂದೊಂದು ಯಂತ್ರವೂ 103.5 ಮೆಗಾವಾಟ್ ಶಕ್ತಿಯನ್ನು ಉತ್ಪಾದಿಸಬಲ್ಲುದು. ಅಂತಹ ಅನೇಕ ಯಂತ್ರಗಳ ಬೆಂಬಲವುಳ್ಳ ತಂತಿಯೇ ನಮ್ಮ ಮನೆಗೆ 230 ವೋಲ್ಟಾಗಿ, ಪಂಪಿಗೆ ಸುಮಾರು 415 ವೋಲ್ಟಾಗಿ ಬರುತ್ತದೆ. ಐದು ಅಶ್ವಶಕ್ತಿಯ ಮೋಟಾರು ಸುಮಾರು 3,700 ವಾಟ್ ಕೆಲಸ ಮಾಡುತ್ತದೆ. ಹೊರಡುವ ಕ್ಷಣದಲ್ಲಂತೂ ಓಡುವಾಗಿನ ಹಲವು ಪಟ್ಟು ಪ್ರವಾಹವನ್ನು ಎಳೆದುಕೊಳ್ಳುತ್ತದೆ.

ಈ ಎರಡು ಲೋಕಗಳು ನೇರವಾಗಿ ಕೂಡಿದರೆ ಆಗುವುದೇನು? ಚಿಪ್ಪು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಆದರೆ ಅದು ಸಣ್ಣ ನಷ್ಟ. ಚಿಪ್ಪಿಗೆ ಹೊಂದಿಕೊಂಡ ಗುಂಡಿ, ಲೋಹದ ಪೆಟ್ಟಿಗೆ, ನೀರಿನ ಮಟ್ಟವನ್ನು ಅಳೆಯಲು ತೊಟ್ಟಿಗೆ ಇಳಿಬಿಟ್ಟ ತಂತಿ ಇವೆಲ್ಲವೂ ಮಾರಕವಾಗುತ್ತವೆ. ಐದು ವೋಲ್ಟು ತಾನೇ ಎಂದು ನಂಬಿ ಮುಟ್ಟಿದವನ ಪ್ರಾಣಕ್ಕೇ ಸಂಚಕಾರ. ಆದುದರಿಂದ ಇಲ್ಲಿನ ಮೂಲಸೂತ್ರ ಒಂದೇ: ಆಜ್ಞೆ ದಾಟಬೇಕು, ಪ್ರವಾಹ ದಾಟಬಾರದು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. ಅಲ್ಲಿ ಮಾವುತನು ತನ್ನ ತೋಳ್ಬಲದಿಂದ ಆನೆಯನ್ನು ನಡೆಸುವುದಿಲ್ಲ. ಅವನದು ಸನ್ನೆ ಮಾತ್ರ, ಬಲವು ಆನೆಯದು. ವಿದ್ಯುತ್ತಿನಲ್ಲಿ ಇಂತಹ ಸನ್ನೆಯ ಕೆಲಸವನ್ನು ಮಾಡುವುದು ರಿಲೇ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿಗೆ ಇದರ ತತ್ತ್ವವನ್ನು ತೋರಿಸಿಕೊಟ್ಟನು. ತಂತಿಯ ಸುರುಳಿಯಲ್ಲಿ ಸಣ್ಣ ಪ್ರವಾಹ ಹರಿದಾಗ ಅದು ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯೊಂದನ್ನು ಸೆಳೆಯುತ್ತದೆ. ಪಟ್ಟಿಯು ಬೇರೊಂದು ಮಂಡಲದ ಸಂಪರ್ಕವನ್ನು ಕೂಡಿಸುತ್ತದೆ. ಎರಡು ಮಂಡಲಗಳ ನಡುವೆ ತಂತಿಯ ನಂಟಿಲ್ಲ.

ಆದರೆ 5 ವೋಲ್ಟಿನ ಸಣ್ಣ ರಿಲೇಯ ಸುರುಳಿಗೂ ಸುಮಾರು 70 ಮಿಲಿ ಆಂಪಿಯರ್ ಬೇಕು. ಚಿಪ್ಪು ಅಷ್ಟನ್ನು ಕೊಡಲಾರದು. ಆದ್ದರಿಂದ ನಡುವೆ ಒಂದು ಟ್ರಾನ್ಸಿಸ್ಟರನ್ನು ಇರಿಸುತ್ತಾರೆ. ಸುರುಳಿಯ ಪ್ರವಾಹ ಹಠಾತ್ತನೆ ನಿಂತಾಗ ಅದರ ಕಾಂತಕ್ಷೇತ್ರ ಕುಸಿದು, ವಿರುದ್ಧ ದಿಕ್ಕಿನ ಅಧಿಕ ವೋಲ್ಟೇಜು ಹುಟ್ಟಿ ಟ್ರಾನ್ಸಿಸ್ಟರನ್ನು ಕೆಡಿಸಬಹುದು. ಆ ಹೊಡೆತಕ್ಕೆ ಹಾದಿ ಮಾಡಿಕೊಡಲು ಸುರುಳಿಗೆ ಅಡ್ಡಲಾಗಿ ಒಂದು ಡಯೋಡು ಇರಬೇಕು. ಇನ್ನೂ ಹೆಚ್ಚಿನ ರಕ್ಷಣೆ ಬೇಕಾದಲ್ಲಿ ಆಪ್ಟೋಕಪ್ಲರ್ ಬಳಸುತ್ತಾರೆ. ಅದರೊಳಗೆ ಸಂದೇಶವು ತಂತಿಯ ಮೂಲಕವಲ್ಲ, ಬೆಳಕಿನ ಮೂಲಕ ದಾಟುತ್ತದೆ.

ಇಷ್ಟಾದರೂ ಸಣ್ಣ ರಿಲೇಯಿಂದ ಮೋಟಾರನ್ನು ನೇರವಾಗಿ ನಡೆಸಲಾಗದು. ಅದರ ಮೇಲೆ '10 ಆಂಪಿಯರ್, 250 ವೋಲ್ಟ್' ಎಂದು ಬರೆದಿರುವುದು ಸಾಮಾನ್ಯವಾಗಿ ಹೀಟರಿನಂತಹ ಸರಳ ಹೊರೆಗೆ ಸಂಬಂಧಿಸಿದ್ದು. ಮೋಟಾರು ಹೊರಡುವಾಗಿನ ಪ್ರವಾಹದಿಂದ ಕಿಡಿಯೆದ್ದು ಸಂಪರ್ಕಗಳು ಬೆಸೆದುಕೊಳ್ಳಬಹುದು. ಆಗ 'ನಿಲ್ಲು' ಎಂಬ ಆಜ್ಞೆಗೆ ಬೆಲೆಯೇ ಉಳಿಯದು. ಆದ್ದರಿಂದ ರಿಲೇಯು ಸ್ಟಾರ್ಟರಿನೊಳಗಿನ ದೊಡ್ಡ ಕಂಟ್ಯಾಕ್ಟರಿನ ಸುರುಳಿಯನ್ನಷ್ಟೇ ನಡೆಸಬೇಕು. ಆ ಸುರುಳಿಯೂ 415 ವೋಲ್ಟಿನದಾಗಿದ್ದರೆ 250 ವೋಲ್ಟಿನ ರಿಲೇ ಸಲ್ಲದು. 230 ಅಥವಾ 24 ವೋಲ್ಟಿನ ಸುರುಳಿಯಿರುವ ಕಂಟ್ಯಾಕ್ಟರನ್ನು ಆರಿಸಿಕೊಳ್ಳಬೇಕು. ಮೋಟಾರನ್ನು ಕಾಯುವ ಓವರ್‌ಲೋಡ್ ರಿಲೇಯನ್ನು ಎಂದಿಗೂ ತೆಗೆಯಬಾರದು.

ಮಲೆನಾಡಿನಲ್ಲಿ ಇನ್ನೂ ಕೆಲವು ಎಚ್ಚರಿಕೆಗಳು ಅಗತ್ಯ. ತೇವ, ಇರುವೆ, ಹಲ್ಲಿಗಳು ಪೆಟ್ಟಿಗೆಯೊಳಗೆ ವಿದ್ಯುತ್ತಿಗೆ ಹೊಸ ಹಾದಿಯನ್ನು ಕಲ್ಪಿಸುತ್ತವೆ. ಪೆಟ್ಟಿಗೆ ಭದ್ರವಾಗಿ ಮುಚ್ಚಿರಬೇಕು. ಅಧಿಕ ಮತ್ತು ಅಲ್ಪ ವೋಲ್ಟೇಜಿನ ತಂತಿಗಳು ಪ್ರತ್ಯೇಕ ದಾರಿಯಲ್ಲಿ ಸಾಗಬೇಕು. ಲೋಹದ ಭಾಗಗಳಿಗೆಲ್ಲ ಭೂಸಂಪರ್ಕ ಇರಬೇಕು. ಗುಡುಗು ಮಳೆಯಲ್ಲಿ ವಿದ್ಯುತ್ತು ಹೋಗಿ ಬಂದಾಗ ಚಿಪ್ಪು ಮೊದಲಿನಿಂದ ಎಚ್ಚರಗೊಳ್ಳುತ್ತದೆ. ಆ ಹೊತ್ತಿನಲ್ಲಿ ಪಂಪು ತಾನಾಗಿ ಹೊರಡದೆ ನಿಂತೇ ಇರುವಂತೆ ಮಂಡಲವನ್ನೂ ನಿಯಮವನ್ನೂ ರಚಿಸಬೇಕು. ಏಕೆಂದರೆ ಪಂಪಿನ ಬಳಿ ಯಾರೋ ಒಬ್ಬರು ಕಸ ತೆಗೆಯುತ್ತಿರಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಚಿಪ್ಪು ಪಂಪನ್ನು ನಿಲ್ಲಿಸಿದರೆ ಅದು ನಿಂತಿತೆಂದು ಮಾತ್ರ ಅರ್ಥ. ಮುಟ್ಟಲು ಸುರಕ್ಷಿತವೆಂದು ಅರ್ಥವಲ್ಲ. ಯಾವ ಕ್ಷಣದಲ್ಲಾದರೂ ಅದಕ್ಕೆ ಮರಳಿ ಆಜ್ಞೆ ಬರಬಹುದು. ದುರಸ್ತಿಗೆ ಮೊದಲು ಮುಖ್ಯ ಸ್ವಿಚ್ಚನ್ನು ಇಳಿಸಿ, ಫ್ಯೂಸುಗಳನ್ನು ಕಿತ್ತು, ಅವನ್ನು ಜೇಬಿನಲ್ಲಿಟ್ಟುಕೊಳ್ಳುವುದೇ ನಿಜವಾದ ರಕ್ಷೆ. ವಿದ್ಯಾರ್ಥಿಗಳು ಈ ತತ್ತ್ವವನ್ನು 12 ವೋಲ್ಟಿನ ಬ್ಯಾಟರಿ ಹಾಗೂ ಬಲ್ಬಿನಿಂದ ಪ್ರಯೋಗಿಸಿ ಕಲಿಯಬಹುದು. ಮನೆಯ ಹಾಗೂ ತೋಟದ ವಿದ್ಯುತ್ತಿನ ಜೋಡಣೆಯನ್ನು ಪರವಾನಗಿ ಪಡೆದ ಕೆಲಸಗಾರನಿಗೇ ಬಿಡಬೇಕು. ರಾತ್ರಿಯ ನಡಿಗೆಯ ಅಪಾಯವನ್ನು ತಪ್ಪಿಸಲು ತಂದ ಉಪಕರಣವು ಇನ್ನೊಂದು ಅಪಾಯವನ್ನು ಮನೆಯೊಳಗೆ ಕರೆದುಕೊಂಡು ಬರಬಾರದಷ್ಟೆ.