ಮುರಕಲ್ಲಿನ ಅಡಿಯ ಶೇಡಿಮಣ್ಣು

ಹಂಪಿಯ ಬಂಡೆಗಳೂ ಕರಾವಳಿಯ ಕೆಂಪು ಗುಡ್ಡಗಳೂ ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಜಾತಿಯ ಗಟ್ಟಿ ಕಲ್ಲಿನಿಂದ. ಮಳೆ ಕಡಿಮೆಯಿರುವ ಹಂಪಿಯಲ್ಲಿ ಸವೆದ ಪುಡಿಯೆಲ್ಲ ಕೊಚ್ಚಿಹೋಗಿ ಗುಂಡುಗಳು ಬರಿಮೈಯಲ್ಲಿ ನಿಂತಿವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಕಲ್ಲು ಇದ್ದಲ್ಲಿಯೇ ಮಾಗಿ, ಎಷ್ಟೋ ಕಡೆ ಹತ್ತಾರು ಮೀಟರ್ ಆಳದವರೆಗೆ ಮಣ್ಣಾಗಿದೆ.

ಈ ಕೆಲಸ ಮಾಡಿದ್ದು ನೀರು. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡ ಮಳೆನೀರಿಗೆ ತುಸು ಆಮ್ಲದ ಗುಣ ಬರುತ್ತದೆ. ಅದು ಬಿರುಕಿನಲ್ಲಿ ಇಳಿದಾಗ ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಪೊಟ್ಯಾಸಿಯಂ, ಸೋಡಿಯಂ ಕರಗಿ ಹರಿದುಹೋಗುತ್ತವೆ. ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ ಮೇಲ್ಪದರದಲ್ಲಿ ಉಳಿದು, ಒಣಗಿ ಮುರಕಲ್ಲಾಗುತ್ತವೆ. ಅದರ ಕೆಳಗೆ, ತಾಯಿಬಂಡೆಯ ಮೇಲೆ, ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿಮಣ್ಣು ಕೂತಿರುತ್ತದೆ.

ನಮ್ಮನ್ನು ಮೋಸಗೊಳಿಸುವುದು ಈ ಜೋಡಣೆಯೇ. ಮುರಕಲ್ಲನ್ನು ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಕಟ್ಟೆ ಕಟ್ಟದ ಬಾವಿಗಳು ತಲೆಮಾರುಗಟ್ಟಲೆ ಹಾಗೇ ಉಳಿದಿವೆ. ಅದೇ ಧೈರ್ಯದಲ್ಲಿ ಜೆಸಿಬಿ ಇನ್ನೂ ಕೆಳಗಿಳಿದು ಶೇಡಿಮಣ್ಣನ್ನು ಬಯಲಿಗೆ ತರುತ್ತದೆ. ಒಣಗಿದಾಗ ಗಟ್ಟಿಯಾಗಿ ತೋರುವ ಈ ಮಣ್ಣು ನೆನೆದರೆ ಬಲ ಕಳೆದುಕೊಳ್ಳುತ್ತದೆ. ಇಳಿಜಾರು ನಿಂತಿರುವುದು ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ. ನಡುವೆ ತುಂಬಿದ ನೀರಿನ ಒತ್ತಡ ಏರಿದಂತೆ ಆ ಹಿಡಿತ ಸಡಿಲುತ್ತದೆ, ಭಾರ ಮಾತ್ರ ಹೆಚ್ಚುತ್ತದೆ. ಬುಡವನ್ನೂ ಕಡಿದಿದ್ದರೆ ತಡೆಯಲು ಮುಂದೆ ಏನೂ ಇರುವುದಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ ಕಡೆ ಬರೆಗಳು ಜರಿದದ್ದು ದಿನಗಟ್ಟಲೆ ಬಿಡದೆ ಸುರಿದ ಮಳೆಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಬಿದ್ದ ಗುಡ್ಡ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಎರಡೂ ಕಡೆ ಮಳೆ ವಿಪರೀತವಾಗಿತ್ತು, ನಿಜ. ಆದರೆ ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ. ರಸ್ತೆಗೆಂದು, ಮನೆ ಹಿತ್ತಲಿಗೆಂದು, ಹೋಂಸ್ಟೇಗೆಂದು ಗುಡ್ಡದ ಬುಡ ಕಡಿದವರು ನಾವು. ನೀರಿನ ಹಾದಿಗೆ ಮಣ್ಣು ತುಂಬಿದವರೂ ನಾವು.

ಮರ ನೆಟ್ಟರೆ ಸಾಕು ಎಂಬ ನಂಬಿಕೆಯೂ ಅರ್ಧ ಸತ್ಯ. ಬೇರುಗಳು ಮೇಲಿನ ಒಂದೆರಡು ಮೀಟರ್ ಮಣ್ಣನ್ನು ಚೆನ್ನಾಗಿ ಹಿಡಿಯುತ್ತವೆ. ಜಾರುವ ಪದರ ಅದಕ್ಕಿಂತ ಆಳದಲ್ಲಿದ್ದರೆ ಗುಡ್ಡ ಮರಗಳ ಸಮೇತ ಇಳಿಯುತ್ತದೆ. ಬಯಲುಸೀಮೆಗೆ ವರವಾದ ಇಂಗುಗುಂಡಿಯನ್ನು ಕಡಿದಾದ, ಆಳ ಮಣ್ಣಿನ ಇಳಿಜಾರಿನಲ್ಲಿ ತೋಡುವುದು ಅಪಾಯ. ಅಲ್ಲಿ ನೀರನ್ನು ಇಂಗಿಸುವುದಕ್ಕಿಂತ ಬಸಿಗಾಲುವೆ ಮಾಡಿ ಹೊರಗೆ ಹರಿಸಬೇಕು. ಧರೆಯನ್ನು ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ತಡೆಗೋಡೆಗೆ ನೀರಿಳಿಯುವ ತೂತುಗಳಿರಬೇಕು, ಇಲ್ಲವಾದರೆ ಹಿಂದೆ ಕಟ್ಟಿಕೊಂಡ ನೀರು ಗೋಡೆಯನ್ನೇ ನೂಕುತ್ತದೆ.

ಕುಸಿತಕ್ಕೆ ಮುನ್ನ ಎಷ್ಟೋ ಸಲ ಸೂಚನೆ ಸಿಗುತ್ತದೆ. ಗುಡ್ಡದ ನೆತ್ತಿಯಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು, ಹೊಸದಾಗಿ ವಾಲಿದ ಕಂಬ, ಬಿಗಿಯಾಗಿ ಮುಚ್ಚಲಾರದ ಬಾಗಿಲು, ತಿಳಿಯಾಗಿದ್ದ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಸರು. ಜೋರು ಮಳೆಯಲ್ಲಿ ಇವುಗಳಲ್ಲಿ ಒಂದು ಕಂಡರೂ ಸಾಮಾನು ಕಟ್ಟುತ್ತ ಕೂರದೆ ಮನೆ ಬಿಡಬೇಕು. ಕೆಳಕ್ಕೆ ಓಡದೆ, ಇಳಿಜಾರಿನ ಅಡ್ಡಕ್ಕೆ ಸರಿಯಬೇಕು.